ಹೆಪರಿನ್ ಇಂಜೆಕ್ಷನ್ ಬರೆದುಕೊಟ್ಟು ಊರಿಗೆ ಕಳಿಸಿದ್ದಾರಾ? ಗರ್ಭಿಣಿ ಮನೆಯವರು ಇದನ್ನು ಓದಿ

ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆ ಇದೆ ಅಂತ ಹೇಳಿ, ದಿನಾ ಹಾಕಿಕೊಳ್ಳಲು ಎನಾಕ್ಸಪಾರಿನ್ ಕೊಟ್ಟಿದ್ದಾರೆ. ಇದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್ ಜಾತಿಯ ಔಷಧಿ, ಮಗುವಿನ ಮೈಗೆ ಹೋಗುವುದಿಲ್ಲ, ಹೆದರಬೇಡಿ. ಇದೇ ಕೆಲಸಕ್ಕೆ ಕೊಡುವ ವಾರ್ಫರಿನ್ ಮಾತ್ರೆ ಹಾಗಲ್ಲ. 6ರಿಂದ 12ನೇ ವಾರದಲ್ಲಿ ಮಗುವಿಗೆ ಊನ ತರಬಹುದು. ಅದನ್ನು ನುಂಗುತ್ತಿರುವವರು ಮುಟ್ಟು ತಪ್ಪಿದ ಕೂಡಲೇ ಡಾಕ್ಟರಿಗೆ ಹೇಳಿ, ನೀವಾಗಿಯೇ ಮಾತ್ರ ನಿಲ್ಲಿಸಬೇಡಿ.

ಇಂಜೆಕ್ಷನ್‌ಗೆ ದಿನಾ ಪೇಟೆಗೆ ಓಡಬೇಕಿಲ್ಲ. ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಕಲಿತುಕೊಳ್ಳಿ. ಹೊಕ್ಕಳಿನಿಂದ ಮೂರು ಬೆರಳು ಆಚೆ, ಹೊಟ್ಟೆಯ ಪಕ್ಕದಲ್ಲಿ ಚರ್ಮವನ್ನು ಮಡಿಕೆ ಮಾಡಿ ಹಿಡಿದು, ಸೂಜಿ ನೆಟ್ಟಗೆ ಇಳಿಸಿ, ನಿಧಾನವಾಗಿ ಒತ್ತಿ, ಸೂಜಿ ಹೊರಗೆ ತೆಗೆದ ಮೇಲೆಯೇ ಚರ್ಮ ಬಿಡಿ. ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ. ಇವತ್ತು ಎಡಕ್ಕೆ ಹಾಕಿದರೆ ನಾಳೆ ಬಲಕ್ಕೆ. ಸಿರಿಂಜ್‌ಗಳನ್ನು ಒಲೆ, ಬಿಸಿಲು ತಾಗದ ಕಡೆ ಇಡಿ, ಫ್ರೀಜರ್ ಬೇಡ.

ಜ್ವರ, ಮೈಕೈ ನೋವು ಅಂತ ಸುಮ್ನೆ ಕುಂಡಿಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಒಳಗೆ ರಕ್ತ ಸೋರಿ ಕಟ್ಟಿಕೊಳ್ಳಬಹುದು. ನೋವಿಗೆ ಕೊಡುವ ಡೈಕ್ಲೋಫೆನಾಕ್ ಮಾತ್ರೆಯೂ ಬೇಡ.

ಹೆರಿಗೆಗೆ ರಕ್ತನಿಧಿ ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ದಾರಿ ದೂರ ಇದ್ದರೆ ದಿನ ತುಂಬುವ ಮೊದಲೇ ಹೋಗಿ ಇರುವುದು ಒಳ್ಳೆಯದು. ನೋವು ಶುರುವಾದರೆ ಮುಂದಿನ ಡೋಸ್ ಹಾಕದೆ ಹೊರಡಿ. ಕೊನೆಯ ಡೋಸ್ ಎಷ್ಟು ಗಂಟೆಗೆ ಹಾಕಿದ್ದು ಅಂತ ತಾಯಿ ಕಾರ್ಡ್‌ನಲ್ಲಿ ಬರೆದಿರಲಿ. ಬೆನ್ನಿಗೆ ಅನಸ್ತೇಸಿಯಾ ಕೊಡಲು ಚಿಕ್ಕ ಡೋಸ್ ಆದರೆ 12 ಗಂಟೆ, ದೊಡ್ಡ ಡೋಸ್ ಆದರೆ 24 ಗಂಟೆ ಕಳೆದಿರಬೇಕು.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಹೆರಿಗೆ ಆಯ್ತಲ್ವಾ, ಇನ್ನೇಕೆ ಇಂಜೆಕ್ಷನ್ ಅಂತ ಬಿಟ್ಟುಬಿಡುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಇರುವುದೇ ಹೆರಿಗೆಯಾದ ಮೊದಲ 6 ವಾರ! ನಮ್ಮ ಬಾಣಂತನವೋ, ನೀರು ಕುಡಿಸದೆ, ಮಂಚ ಇಳಿಸದೆ ಮಲಗಿಸುವುದು. ಅಜ್ಜಿಯರಿಗೆ ಕಾಳಜಿ ಇಲ್ಲವೆಂದಲ್ಲ, ಆದರೆ ಈ ಬಾಣಂತಿಗೆ ಅದು ಆಗುವುದಿಲ್ಲ. ಬಿಸಿನೀರಾದರೂ ಸರಿ, ಬೇಕಾದಷ್ಟು ಕುಡಿಸಿ. ಮನೆಯೊಳಗೇ ಓಡಾಡಿಸಿ. ಡಾಕ್ಟರ್ ಹೇಳಿದ ದಿನದವರೆಗೂ ಇಂಜೆಕ್ಷನ್ ಬಿಡಬೇಡಿ. ಹಾಲೂಡಿಸಲು ಅಡ್ಡಿಯಿಲ್ಲ.

ಒಂದೇ ಕಾಲು, ಹೆಚ್ಚಾಗಿ ಎಡಗಾಲು, ಊದಿ ತೊಡೆ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಾಲು ನೀವಿಸಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ರಕ್ತಸ್ರಾವ ನಿಲ್ಲದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮುಂದೆ ಮಕ್ಕಳಾಗದಂತೆ ಮಾಲಾ-ಎನ್ ಗುಳಿಗೆ ಕೊಟ್ಟರೆ ತಗೋಬೇಡಿ, ಅದರಲ್ಲಿರುವ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಕಾಪರ್-ಟಿ ಬಗ್ಗೆ ಕೇಳಿ.