ಮೋರಿಯಲ್ಲಿ ಮೀನು ಹತ್ತಬೇಕೆಂದರೆ

ಮುಂಗಾರಿನ ಹೊಸನೀರು ಬಂದಾಗ ಗೆಂಡೆಯಂಥ ಸಣ್ಣ ಮೀನುಗಳು ಮೊಟ್ಟೆಯಿಡಲು ಹಳ್ಳದ ಮೇಲಕ್ಕೆ ಹತ್ತುತ್ತವೆ. ಮಂಡ್ಯ ಕಡೆಯ ಲೋಕಪಾವನಿ, ಶಿಂಷಾ ನದಿಗಳನ್ನು ಸೇರುವ ಹಳ್ಳಗಳಿಗೆಲ್ಲ ಅಲ್ಲಲ್ಲಿ ಮೋರಿ, ಅಂದರೆ ರಸ್ತೆಯಡಿ ನೀರು ದಾಟಿಸುವ ಪೈಪು, ಅಡ್ಡ.

ಮೊದಲು ಮೋರಿಯ ಕೆಳಬಾಯಿ ನೋಡಿ. ಪೈಪಿನ ತುದಿಯಿಂದ ನೀರು 15 ಸೆಂ.ಮೀ. ಧುಮುಕಿದರೂ ಸಣ್ಣ ಮೀನಿಗೆ ಅದು ಗೋಡೆಯೇ. ಕಿರಿದಾದ ಪೈಪಿನಿಂದ ರಭಸವಾಗಿ ನುಗ್ಗುವ ನೀರು ತಳ ಕೊರೆದು ಗುಂಡಿ ಮಾಡಿ ಈ ಇಳಿತ ಉಂಟುಮಾಡಿರುತ್ತದೆ. ಇನ್ನು ವೇಗ: ಮೇಲಿನ ಬಾಯಲ್ಲಿ ಒಣ ತರಗು ತೇಲಿಬಿಡಿ. 6 ಮೀಟರ್ ಪೈಪನ್ನು 6 ಸೆಕೆಂಡಿಗೆ ದಾಟಿತೆಂದರೆ ಸೆಕೆಂಡಿಗೆ 1 ಮೀಟರ್. ಬೆರಳುದ್ದದ ಮೀನು ಅಷ್ಟು ದೂರ ಎದುರೀಜುವುದು ಕಷ್ಟ.

ರಿಪೇರಿ ಬೇಸಿಗೆಯಲ್ಲೇ ಆಗಬೇಕು, ರಸ್ತೆ ಯಾವ ಇಲಾಖೆಯದೋ ಅವರ ಒಪ್ಪಿಗೆ ಪಡೆದು. ಕೆಳಬಾಯಿಂದ ದಪ್ಪ ಕಲ್ಲಿನ ಇಳಿಜಾರು ಕಟ್ಟಿ: 1ಕ್ಕೆ 20ರ ಲೆಕ್ಕದಲ್ಲಿ 15 ಸೆಂ.ಮೀ. ಇಳಿತಕ್ಕೆ 3 ಮೀಟರ್ ಉದ್ದ. ಸಂದುಗಳಿಗೆ ಜಲ್ಲಿ, ಮರಳು ತುಂಬಿ. ಇಲ್ಲದಿದ್ದರೆ ನೀರೆಲ್ಲ ಕಲ್ಲಿನಡಿಯೇ ಹರಿದು ಮೇಲೆ ಒಣಗುತ್ತದೆ. ಜನ ತಪ್ಪುವುದು ಇಲ್ಲೇ.

ಹೊಸ ಮೋರಿಯಾದರೆ ಹಳ್ಳದ ಅಗಲಕ್ಕಿಂತ ಕಿರಿದಾಗಿಸಬೇಡಿ. 90 ಸೆಂ.ಮೀ. ಪೈಪಿನ ಕೆಳಗಿನ 20–25 ಸೆಂ.ಮೀ. ಹಳ್ಳದ ತಳದೊಳಗೆ ಹೂತಿರಲಿ. ಕಸ ತಡೆಯಲು ಜಾಲರಿ ಮಾತ್ರ ಬೇಡ, ಕಬ್ಬಿನ ತರಗು ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ.