ತಜ್ಞ ಪಶುವೈದ್ಯರ ಭೇಟಿಗೆ ಮುನ್ನ ಮನೆಯಲ್ಲಿ ಒಂದು ವಾರದ ಕೆಲಸ

ಔಷಧ ಬದಲಿಸಿದರೂ ನಾಯಿಯ ವಾಂತಿ ನಿಂತಿಲ್ಲ. ಬೆಕ್ಕಿನ ತೂಕ ಇಳಿಯುತ್ತಲೇ ಇದೆ, ಕಾರಣ ಗೊತ್ತಾಗುತ್ತಿಲ್ಲ. ಇಂಥ ಹೊತ್ತಿನಲ್ಲಿ ನಿಮ್ಮ ಪಶುವೈದ್ಯರು ‘ಒಮ್ಮೆ ಮೆಡಿಸಿನ್ ತಜ್ಞರಿಗೆ ತೋರಿಸಿ’ ಎಂದು ಚೀಟಿ ಬರೆದುಕೊಡುತ್ತಾರೆ. ಮೂತ್ರಪಿಂಡ, ಯಕೃತ್ತು, ಕರುಳು, ಹಾರ್ಮೋನು, ರಕ್ತ, ಶ್ವಾಸಕೋಶ ಹೀಗೆ ಮೇಲಿನಿಂದ ಕಣ್ಣಿಗೆ ಬೀಳದ ಭಾಗಗಳ ಕಾಯಿಲೆಯನ್ನು ಹುಡುಕಿ ತೆಗೆಯುವುದು ಆ ತಜ್ಞರ ಕೆಲಸ. ಆದರೆ ಅವರ ಮೇಜಿನ ಮೇಲೆ ಬೆಕ್ಕು ಹೆದರಿ ಮುದುಡಿ ಕುಳಿತಿರುತ್ತದೆ, ನಾಯಿ ಹೊಸ ಜಾಗದ ಸಂಭ್ರಮದಲ್ಲಿ ನೋವನ್ನೇ ಮರೆತಿರುತ್ತದೆ. ಮನೆಯಲ್ಲಿ ಕಂಡದ್ದು ಅಲ್ಲಿ ಕಾಣುವುದಿಲ್ಲ. ಅದನ್ನು ಹೇಳಬೇಕಾದವರು ನೀವು. ‘ಸ್ವಲ್ಪ ಜಾಸ್ತಿ’, ‘ಆಗಾಗ’ ಎಂದರೆ ಸಾಲದು, ಅಂಕಿ ಬೇಕು.

ಕಾಯಬಾರದ ಸಂದರ್ಭಗಳು

ಗಂಡು ಬೆಕ್ಕು ಮತ್ತೆ ಮತ್ತೆ ಮುಕ್ಕರಿದರೂ ಮೂತ್ರ ಬರದಿದ್ದರೆ, ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಅಥವಾ ನೀಲಿಗಟ್ಟಿದ್ದರೆ, ಹೊಟ್ಟೆ ಉಬ್ಬಿದ ನಾಯಿ ಓಕರಿಸಿದರೂ ಏನೂ ಹೊರಬರದಿದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಈಗಲೇ ಹೊರಡಿ. ಇಡೀ ದಿನ ಏನೂ ತಿನ್ನದ ಬೆಕ್ಕಿನ ವಿಷಯದಲ್ಲೂ ಅಂದೇ ವೈದ್ಯರಿಗೆ ಕರೆ ಮಾಡಿ. ಅದರಲ್ಲೂ ದಪ್ಪ ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು.

ಮೊದಲು ನೀರಿನ ಲೆಕ್ಕ

ಬೆಳಿಗ್ಗೆ ಅಳತೆಯ ಲೋಟದಲ್ಲಿ ನೀರು ಅಳೆದು ಬಟ್ಟಲಿಗೆ ಸುರಿಯಿರಿ, ಎಷ್ಟೆಂದು ಬರೆದಿಡಿ. ಹಗಲಲ್ಲಿ ಮತ್ತೆ ಹಾಕಿದರೆ ಅದನ್ನೂ ಕೂಡಿಸಿ. ಮರುದಿನ ಅದೇ ಹೊತ್ತಿಗೆ ಉಳಿದ ನೀರನ್ನು ಅಳೆದು ಕಳೆಯಿರಿ, ಬಂದದ್ದನ್ನು ಪ್ರಾಣಿಯ ತೂಕದಿಂದ ಭಾಗಿಸಿ. 12 ಕೆ.ಜಿ. ತೂಗುವ ನಾಯಿ ದಿನಕ್ಕೆ 1,500 ಮಿ.ಲೀ. ಕುಡಿದರೆ ಕೆ.ಜಿ.ಗೆ 125 ಮಿ.ಲೀ. ಆಯಿತು. ನಾಯಿಗೆ 100, ಬೆಕ್ಕಿಗೆ 50 ದಾಟಿದರೆ ಅದು ಹೆಚ್ಚೇ ಸರಿ. ಮೂತ್ರಪಿಂಡದ ತೊಂದರೆ, ಮಧುಮೇಹ, ನಾಯಿಗಳಲ್ಲಿ ಕಾಣುವ ಕುಶಿಂಗ್ ಕಾಯಿಲೆ (ಕಾರ್ಟಿಸಾಲ್ ಎಂಬ ಹಾರ್ಮೋನು ಅತಿಯಾಗುವುದು), ಸಂತಾನಹರಣ ಮಾಡಿಸದ ಹೆಣ್ಣಿನ ಗರ್ಭಕೋಶದಲ್ಲಿ ಕೀವು, ಇವೆಲ್ಲವೂ ಮೊದಲು ಬಾಯಾರಿಕೆಯಾಗಿಯೇ ಕಾಣಿಸಿಕೊಳ್ಳಬಹುದು. ಸ್ಟಿರಾಯ್ಡ್ ಮಾತ್ರೆ ಕೊಟ್ಟಾಗಲೂ ಬಾಯಾರಿಕೆ ಹೆಚ್ಚುತ್ತದೆ.

ಕನಿಷ್ಠ ಮೂರು ದಿನ ಅಳೆಯಿರಿ. ಒಣ ಆಹಾರವೋ ಹಸಿ ಆಹಾರವೋ ಎಂಬುದನ್ನು ಪಕ್ಕದಲ್ಲೇ ಬರೆಯಿರಿ, ಏಕೆಂದರೆ ಹಸಿ ಆಹಾರದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಒಂದು ಮಾತು ಒತ್ತಿ ಹೇಳುತ್ತೇನೆ: ಹೆಚ್ಚು ಮೂತ್ರ ಮಾಡುತ್ತದೆಂದು ನೀರು ಕಡಿಮೆ ಮಾಡಬೇಡಿ. ಮೂತ್ರಪಿಂಡ ಸೋತ ಪ್ರಾಣಿ ಕುಡಿಯುತ್ತಿರುವುದರಿಂದಲೇ ನಿಂತಿದೆ.

ತೂಕ

ನೀವೊಬ್ಬರೇ ತಕ್ಕಡಿಯ ಮೇಲೆ ನಿಲ್ಲಿ, ಆಮೇಲೆ ಬೆಕ್ಕನ್ನು ಎತ್ತಿಕೊಂಡು ನಿಲ್ಲಿ. ಎರಡರ ವ್ಯತ್ಯಾಸವೇ ಅದರ ತೂಕ. ಐದು ಕೆ.ಜಿ. ಬೆಕ್ಕು ಅರ್ಧ ಕೆ.ಜಿ. ಕಳೆದುಕೊಂಡರೆ ಹತ್ತರಲ್ಲೊಂದು ಪಾಲು ಹೋದಂತೆ. ನಮ್ಮ ವಯಸ್ಸಾದ ಬೆಕ್ಕು ಬಟ್ಟಲು ನೆಕ್ಕಿ ಇನ್ನಷ್ಟು ಕೇಳುತ್ತಿತ್ತು, ಚೆನ್ನಾಗಿ ತಿನ್ನುತ್ತಿದೆಯಲ್ಲ ಎಂದು ನಾವು ಹಿಗ್ಗುತ್ತಿದ್ದೆವು. ಒಂದು ಸಂಜೆ ಬೆನ್ನು ಸವರುವಾಗ ಮೂಳೆಯ ಗಂಟುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿತ್ತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಅಪರೂಪವೇನಲ್ಲ.

ನಿದ್ದೆಯಲ್ಲಿ ಉಸಿರು ಎಣಿಸುವುದು

ಪ್ರಾಣಿ ಗಾಢ ನಿದ್ದೆಯಲ್ಲಿರುವಾಗ ದೂರದಲ್ಲೇ ಕುಳಿತು ಅದರ ಪಕ್ಕೆಯನ್ನು ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಅರ್ಧ ನಿಮಿಷ ಹಿಡಿದು ಎಣಿಸಿ ಎರಡರಿಂದ ಗುಣಿಸಿ. ಕನಸು ಕಂಡು ಕಾಲು ಅದುರಿಸುತ್ತಿದ್ದರೆ ಅಥವಾ ಬೆಕ್ಕು ಗುರುಗುಟ್ಟುತ್ತಿದ್ದರೆ ಆ ಎಣಿಕೆ ಬೇಡ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಹಲವು ಸಲ ಎಣಿಸಿದರೂ ಅದಕ್ಕಿಂತ ಹೆಚ್ಚೇ ಬಂದರೆ ಭೇಟಿಯ ದಿನದವರೆಗೆ ಇಟ್ಟುಕೊಳ್ಳದೆ ವೈದ್ಯರಿಗೆ ತಿಳಿಸಿ. ಹೃದಯ ಅಥವಾ ಶ್ವಾಸಕೋಶದ ತೊಂದರೆಯ ಸುಳಿವು ಅದು.

ವಾಂತಿಯ ವಿಡಿಯೊ

ಅಸಹ್ಯ ಎನಿಸಿದರೂ ಚಿತ್ರೀಕರಿಸಿ. ನಿಜವಾದ ವಾಂತಿಗೆ ಮುಂಚೆ ತುಟಿ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಹೊಟ್ಟೆ ಹಿಂಡಿ ಹಿಂಡಿ ಕುಗ್ಗುತ್ತದೆ. ಹಾಗಲ್ಲದೆ ತಲೆ ತಗ್ಗಿಸಿದ ಕೂಡಲೇ ಅರಗದ ಆಹಾರ ಸುಮ್ಮನೆ ಜಾರಿ ಬಿದ್ದರೆ ತೊಂದರೆ ಜಠರದಲ್ಲಲ್ಲ, ಅನ್ನನಾಳದಲ್ಲಿರಬಹುದು. ಎರಡರ ತಪಾಸಣೆಯ ದಾರಿಯೇ ಬೇರೆ. ಬೆಕ್ಕು ನೆಲಕ್ಕೆ ಅವುಚಿ ಕುಳಿತು ಕತ್ತು ಮುಂದೆ ಚಾಚಿ ಕಕ್ಕುವಂತೆ ಮಾಡಿದರೆ ಕೂದಲುಂಡೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಕೆಮ್ಮು, ಅಂದರೆ ಆಸ್ತಮಾ ಇರಬಹುದು. ಹತ್ತು ಸೆಕೆಂಡಿನ ವಿಡಿಯೊ ಇದನ್ನು ತಿಳಿಸುತ್ತದೆ, ನಮ್ಮ ವರ್ಣನೆ ತಿಳಿಸುವುದಿಲ್ಲ.

ಔಷಧ ಮತ್ತು ಕಾಗದ

ಹಳೆಯ ರಕ್ತಪರೀಕ್ಷೆಗಳ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಎಲ್ಲ ಮಾತ್ರೆಗಳ ಪಟ್ಟಿಯ ಫೋಟೊ ತೆಗೆಯಿರಿ. ಸ್ಟಿರಾಯ್ಡ್ ಚುಚ್ಚುಮದ್ದು ಕೊಡಿಸಿದ್ದರೆ ದಿನಾಂಕ ತಪ್ಪದೆ ಹೇಳಿ, ಅದು ಹಾರ್ಮೋನು ಪರೀಕ್ಷೆಯ ಫಲಿತಾಂಶವನ್ನೇ ತಿರುಚಬಲ್ಲದು. ಹಾಗೆಂದು ನಡೆಯುತ್ತಿರುವ ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬಾರದು. ಮನುಷ್ಯರ ನೋವಿನ ಮಾತ್ರೆ ಕೊಟ್ಟಿದ್ದರೆ ಸಂಕೋಚಪಡದೆ ಒಪ್ಪಿಕೊಳ್ಳಿ. ಪ್ಯಾರಾಸಿಟಮಾಲ್ ಬೆಕ್ಕಿನ ಪಾಲಿಗೆ ವಿಷ.

ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ

ಹೊಟ್ಟೆಯ ಅಲ್ಟ್ರಾಸೌಂಡ್ ಇದ್ದರೆ ಸಾಮಾನ್ಯವಾಗಿ 8ರಿಂದ 12 ಗಂಟೆ ಆಹಾರ ಕೊಡಬಾರದು, ನೀರು ಕೊಡಬಹುದು. ಮರಿಗಳು ಮತ್ತು ಇನ್ಸುಲಿನ್ ಪಡೆಯುವ ಪ್ರಾಣಿಗಳ ವಿಷಯದಲ್ಲಿ ಮೊದಲೇ ಕೇಳಿಕೊಳ್ಳಿ. ಬೆಳಗಿನ ಮೊದಲ ಮೂತ್ರ ಬಹಳ ಬೆಲೆಯುಳ್ಳದ್ದು, ಮೂತ್ರಪಿಂಡ ಅದನ್ನು ಎಷ್ಟು ಗಟ್ಟಿ ಮಾಡಬಲ್ಲದು ಎಂಬುದು ಅದರಲ್ಲಿ ತಿಳಿಯುತ್ತದೆ. ನಾಯಿಯದಾದರೆ ಉದ್ದ ಹಿಡಿಯ ಸೌಟಿನಲ್ಲಿ ಹಿಡಿದು, ಶುಚಿಯಾದ ಒಣ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಬೇಗ ತಲುಪಿಸಿ. ಅದಕ್ಕಾಗಿ ಸೌಟೊಂದನ್ನು ಬೇರೆಯೇ ಇಟ್ಟುಕೊಳ್ಳಿ. ಬೆಕ್ಕಿನದನ್ನು ವೈದ್ಯರಿಗೆ ಬಿಡಿ, ಬೇಕಾದಾಗ ಅವರೇ ಸೂಜಿಯಿಂದ ತೆಗೆಯುತ್ತಾರೆ.

ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು ಭೇಟಿಗೆ ಒಂದು ವಾರ ಮೊದಲೇ ಬಾಗಿಲು ತೆರೆದು, ಅದು ಮಲಗುವ ಬಟ್ಟೆ ಹಾಸಿ ಮನೆಯಲ್ಲಿಡಿ. ಬರೀ ಭಯಕ್ಕೇ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹಾಗಾದಾಗ ನಿಜವಾದ ಮಧುಮೇಹವೇ ಎಂದು ತಿಳಿಯಲು ಹಿಂದಿನ ಎರಡು ಮೂರು ವಾರಗಳ ಸರಾಸರಿ ತೋರಿಸುವ ಫ್ರಕ್ಟೊಸಮೈನ್ ಪರೀಕ್ಷೆ ಬೇಕಾಗಬಹುದು.

ತಜ್ಞರ ಎದುರು ಕುಳಿತಾಗ ಕಾಯಿಲೆ ಶುರುವಾದ ದಿನದಿಂದ ಹೇಳಬೇಡಿ. ಪ್ರಾಣಿ ಕೊನೆಯ ಬಾರಿ ಪೂರ್ತಿ ಚೆನ್ನಾಗಿದ್ದದ್ದು ಯಾವಾಗ ಎಂಬುದರಿಂದ ಆರಂಭಿಸಿ. ಅವರು ಬರೆಯುವ ಪ್ರತಿ ಪರೀಕ್ಷೆಗೂ ‘ಇದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ಕೇಳಿ, ಉತ್ತರವನ್ನು ನೀರಿನ ಲೆಕ್ಕ ಬರೆದ ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ.