ಕೂತು ಹುಲ್ಲು ಹೊಡೆಯುವ ಗಾಡಿ ಕೊಳ್ಳುವ ಮುಂಚೆ

ಚಿಕ್ಕಮಗಳೂರು ಕಡೆಯ ಆಲ್ದೂರಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಾಲ್ಕು ರೂಮಿನ ಹೋಂಸ್ಟೇ ನಡೆಸುತ್ತೇವೆ. ಮುಂದಿನ ಅಂಗಳ, ಪಕ್ಕದ ಹಳೇ ಕಣ, ಅಲ್ಲಿಂದ ಕೆರೆ ತನಕ ಇಳಿಯುವ ಹುಲ್ಲು, ಎಲ್ಲ ಸೇರಿ ಒಂದೂವರೆ ಎಕರೆ. ಮೊದಲು ವೀಡ್ ಕಟರ್‌ನಲ್ಲಿ ಹೊಡೆಸುತ್ತಿದ್ದೆವು. ಇಬ್ಬರು ಹುಡುಗರಿಗೆ ಎರಡು ದಿನ ಪೂರ್ತಿ ಕೆಲಸ. ಮಳೆ ನಿಂತ ಮೇಲೆ ಹುಲ್ಲು ಜೋರಾಗುವುದು, ಗೆಸ್ಟ್ ಬರುವುದು, ಅರೇಬಿಕಾ ಕುಯ್ಲು ಶುರುವಾಗುವುದು, ಮೂರೂ ಒಂದೇ ಹೊತ್ತಿಗೆ. ಹಣ್ಣು ಕುಯ್ಯುವುದು ಬಿಟ್ಟು ಹುಲ್ಲು ಹೊಡೆಯಲು ಯಾರು ಬರುತ್ತಾರೆ? ಹಾಗಾಗಿ ಮೂರು ವರ್ಷದ ಹಿಂದೆ ರೈಡ್ ಆನ್ ಮೊವರ್ ತಂದೆವು. ನಮ್ಮ ಅತ್ತೆ ಅದಕ್ಕೆ ಹುಲ್ಲಿನ ಟ್ರ್ಯಾಕ್ಟರ್ ಅಂತ ಹೆಸರಿಟ್ಟಿದ್ದಾರೆ.

ಅಂಗಳದಲ್ಲಿ ಗಾಡಿ ನೋಡಿದವರೆಲ್ಲ ಕೇಳುವುದು ಒಂದೇ, ‘ಯಾವ ಕಂಪನಿದು ತಗೊಳ್ಳೋಣ ಅಕ್ಕ?’ ಕಂಪನಿ ಆಮೇಲೆ. ಮೊದಲು ಮನೆಗೆ ಹೋಗಿ ಇಳಿಜಾರು ಅಳೆಯಿರಿ. ಈ ಗಾಡಿಗಳು ಬಯಲು ಸೀಮೆಯ ಸಪಾಟು ಅಂಗಳಕ್ಕೆ ಮಾಡಿದವು. ನಮ್ಮ ಮಲೆನಾಡಲ್ಲಿ ಸಪಾಟು ಜಾಗ ಅಂದರೆ ಕಣ ಒಂದೇ, ಅಲ್ವಾ?

ಅಳೆಯುವುದು ಸುಲಭ. ಹತ್ತು ಅಡಿಯ ನೇರ ರೀಪರ್ ಒಂದು, ರಸಮಟ್ಟ ಒಂದು, ಟೇಪು ಒಂದು ಇದ್ದರೆ ಸಾಕು. ರೀಪರಿನ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗದಲ್ಲಿ ನೆಲಕ್ಕೆ ಒತ್ತಿ. ಇನ್ನೊಂದು ತುದಿಯನ್ನು ರಸಮಟ್ಟ ನೋಡಿಕೊಂಡು ಮಟ್ಟಕ್ಕೆ ಎತ್ತಿ ಹಿಡಿಯಿರಿ. ಆ ತುದಿಯಿಂದ ನೆಲಕ್ಕೆ ಎಷ್ಟು ಅಂತರ ಅಂತ ಟೇಪಿನಲ್ಲಿ ನೋಡಿ. 2 ಅಡಿ 8 ಇಂಚು ಬಂದರೆ ಅದು ಸುಮಾರು 15 ಡಿಗ್ರಿ. ಹೆಚ್ಚಿನ ಗಾಡಿಗಳ ಪುಸ್ತಕದಲ್ಲಿ ಬರೆದಿರುವ ಮಿತಿ ಅದೇ. ಕೆಲವದರಲ್ಲಿ ಇನ್ನೂ ಕಡಿಮೆ. ನಮ್ಮ ಅಂಗಳದಲ್ಲಿ 10 ಇಂಚು ಬಂತು, ಏನೂ ಚಿಂತೆ ಇಲ್ಲ. ಕೆರೆ ಕಡೆ ಮೂರೂವರೆ ಅಡಿ ಬಂತು. ಅಲ್ಲಿಗೆ ಗಾಡಿ ಇಳಿಸುವ ಮಾತೇ ಇಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆವು.

ಮಿತಿಯೊಳಗಿನ ಇಳಿಜಾರಲ್ಲೂ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಬೇಕು. ಅಡ್ಡ ಓಡಿಸಿದರೆ ಪಕ್ಕಕ್ಕೆ ಮಗುಚುತ್ತದೆ. ತಳ್ಳುವ ಮೊವರ್‌ಗೆ ಇದು ಉಲ್ಟಾ, ಅದನ್ನು ಅಡ್ಡವೇ ತಳ್ಳಬೇಕು. ಇಲ್ಲದಿದ್ದರೆ ಜಾರಿದಾಗ ಕಾಲು ಬ್ಲೇಡಿನ ಕಡೆಗೇ ಹೋಗುತ್ತದೆ. ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ಅಂಚಿಗೆ, ಕೆರೆಯ ಅಂಚಿಗೆ ಎರಡು ಗಾಡಿಯಷ್ಟು ಜಾಗ ಬಿಡಿ. ಮಳೆಗಾಲದಲ್ಲಿ ಧರೆ ಒಳಗಿಂದ ಸಡಿಲವಾಗಿರುತ್ತದೆ, ಮೇಲಿನ ಹುಲ್ಲು ನೋಡಿದರೆ ಗೊತ್ತಾಗುವುದಿಲ್ಲ.

ಇದೇ ಕಾರಣಕ್ಕೆ ಜೀರೋ ಟರ್ನ್ ಗಾಡಿ ನಮ್ಮ ಕಡೆಗೆ ಬೇಡ ಅನ್ನುತ್ತೇನೆ. ಎರಡು ಲಿವರ್ ಹಿಡಿದು ನಿಂತಲ್ಲೇ ಗಿರಕಿ ಹೊಡೆಸುವ ಗಾಡಿ ಅದು. ನೋಡಲು ಮಜಾ. ಆದರೆ ಅದರ ಮುಂದಿನ ಚಕ್ರಗಳು ಆಫೀಸ್ ಕುರ್ಚಿಯ ಚಕ್ರದ ಹಾಗೆ, ಸುಮ್ನೆ ಉರುಳುತ್ತವೆ. ತಿರುಗಿಸುವುದೂ ನಿಲ್ಲಿಸುವುದೂ ಹಿಂದಿನ ಎರಡು ಚಕ್ರಗಳೇ. ಒದ್ದೆ ಹುಲ್ಲಿನ ಇಳಿಜಾರಲ್ಲಿ ಅವು ಹಿಡಿತ ಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸ್ಟೀರಿಂಗ್ ಇರುವ ಲಾನ್ ಟ್ರ್ಯಾಕ್ಟರೇ ನಮಗೆ ಸರಿ.

ಇನ್ನು ಅಗಲದ ವಿಚಾರ. ಬ್ಲೇಡುಗಳನ್ನು ಮುಚ್ಚಿರುವ ತಟ್ಟೆಗೆ ಡೆಕ್ ಅನ್ನುತ್ತಾರೆ. 30 ಇಂಚಿನಿಂದ 46 ಇಂಚು, ಅದಕ್ಕೂ ಜಾಸ್ತಿ ಅಗಲದವು ಸಿಗುತ್ತವೆ. 42 ಇಂಚಿನ ಡೆಕ್ಕು, ಗಂಟೆಗೆ 5 ಕಿಲೋಮೀಟರ್ ವೇಗ ಅಂತ ಇಟ್ಟುಕೊಳ್ಳಿ. ತಿರುಗಿಸುವುದು, ಒಂದರ ಮೇಲೊಂದು ಸಾಲು ಬರುವುದು ಅಂತ ಮೂರರಲ್ಲಿ ಒಂದು ಪಾಲು ಕಳೆದರೂ ಗಂಟೆಗೆ 35 ಗುಂಟೆ ಮುಗಿಯುತ್ತದೆ. 30 ಇಂಚಿನದಾದರೆ 25 ಗುಂಟೆ. ನಿಮ್ಮದು 20 ಗುಂಟೆಗಿಂತ ಕಡಿಮೆ ಜಾಗವಾದರೆ ಈ ಬರಹ ಇಲ್ಲಿಗೇ ಬಿಡಿ. ತಾನೇ ಮುಂದಕ್ಕೆ ಹೋಗುವ ತಳ್ಳುಗಾಡಿ ಮೊವರ್ ಸಾಕು, ದುಡ್ಡು ಉಳಿಯುತ್ತದೆ. ದೊಡ್ಡದು ಕೊಳ್ಳುವವರು ಗೇಟಿನ ಕಲ್ಲುಕಂಬಗಳ ನಡುವೆ ಟೇಪು ಹಿಡಿಯಿರಿ. ಹುಲ್ಲು ಹೊರಗೆ ಉಗುಳುವ ಮೂತಿ ಡೆಕ್ಕಿನಿಂದ ಆಚೆ ಚಾಚಿಕೊಂಡಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮ ಕಣದ ಗೇಟಿನ ಒಂದು ಕಂಬ ಕಿತ್ತು ಮತ್ತೆ ನೆಟ್ಟಿದ್ದು ಹೀಗೇ.

ಅಂಗಡಿಯವರು ಎಚ್‌ಪಿ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಮನೆ ಅಂಗಳಕ್ಕೆ ಎಚ್‌ಪಿ ಸಾಲದೆ ಗಾಡಿ ಕೆಟ್ಟಿದ್ದು ನಾನು ನೋಡಿಲ್ಲ. ನೀವು ಬಾನೆಟ್ ಎತ್ತಿಸಿ, ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇದೆಯಾ ನೋಡಿ. ಕಾರಿಗೆ ಇರುವಂಥದ್ದೇ, ಸಣ್ಣ ಡಬ್ಬಿ. ಅದಿದ್ದರೆ ಒಳಗೆ ಪಂಪು ಆಯಿಲನ್ನು ಒತ್ತಿ ಕಳಿಸುತ್ತದೆ ಅಂತ ಅರ್ಥ. ತೀರಾ ಸಾದಾ ಎಂಜಿನ್‌ಗಳಲ್ಲಿ ಆಯಿಲ್ ಸುಮ್ನೆ ಎರಚಿಕೊಳ್ಳುತ್ತದೆ, ಗಾಡಿ ವಾಲಿದಾಗ ಎಲ್ಲ ಕಡೆ ತಲುಪುತ್ತದೆ ಅನ್ನುವ ಭರವಸೆ ಇಲ್ಲ. ಇಳಿಜಾರಿರುವ ನಮಗೆ ಎಚ್‌ಪಿಗಿಂತ ಇದು ಮುಖ್ಯ.

ಗೇರಿನದು ಕೊಳ್ಳುವುದೋ, ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟಾಟಿಕ್ ಕೊಳ್ಳುವುದೋ? ಗೇರಿನದು ಅಗ್ಗ, ರಿಪೇರಿ ಸುಲಭ. ಆದರೆ ಹೆಚ್ಚಿನವುಗಳಲ್ಲಿ ಗೇರು ಬದಲಿಸಲು ಗಾಡಿ ನಿಲ್ಲಿಸಲೇಬೇಕು. ಏರಿನ ಮಧ್ಯದಲ್ಲಿ ನಿಲ್ಲಿಸುವುದು ಹಿಂಸೆ. ಹೈಡ್ರೋದಲ್ಲಿ ಪೆಡಲ್ ಒತ್ತಿದಷ್ಟು ವೇಗ, ಬಿಟ್ಟರೆ ನಿಲ್ಲುತ್ತದೆ. ನಮ್ಮದು ಅದೇ. ಒಂದೇ ಎಚ್ಚರಿಕೆ. ಮನೆಬಳಕೆಯ ಸಣ್ಣ ಹೈಡ್ರೋ ಪೆಟ್ಟಿಗೆ ಹೊರೆ ಎಳೆಯಲು ಮಾಡಿದ್ದಲ್ಲ. ನಮ್ಮ ಹುಡುಗರು ಹಿಂದೆ ಟ್ರೇಲರ್ ಕಟ್ಟಿ, ಗೊಬ್ಬರದ ಮೂಟೆ ಹೇರಿ, ಕಣದ ಏರು ಹತ್ತಿಸಲು ಹೊರಟಿದ್ದರು. ನಾನು ಓಡಿ ಹೋಗಿ ಇಳಿಸಿದೆ. ಆ ಪೆಟ್ಟಿಗೆ ಹೋದರೆ ರಿಪೇರಿ ಅಂತ ಹೆಚ್ಚೇನೂ ಇಲ್ಲ, ಪೂರ್ತಿ ಬದಲಿಸುವುದೇ.

ಈಗ ನಾವು ಟೋಪಿ ಹಾಕಿಸಿಕೊಂಡ ಕಥೆ. ಹೊಸದಕ್ಕೆ ಲಕ್ಷಗಟ್ಟಲೆ ಯಾಕೆ ಅಂತ ಬೆಂಗಳೂರಿನ ಹತ್ತಿರದ ಒಂದು ಫಾರ್ಮ್‌ಹೌಸಿನಿಂದ ಸೆಕೆಂಡ್ ಹ್ಯಾಂಡ್ ತಂದೆವು. ಹೋದಾಗ ಎಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ನಮ್ಮವರು ಖುಷಿಯಾದರು. ಡೆಕ್ಕಿಗೆ ಹೊಸ ಪೇಂಟ್ ಹೊಡೆದಿದ್ದರು. ನನಗೆ ಅದೂ ಚೆಂದ ಕಂಡಿತು, ನೋಡಿ! ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಡೆಕ್ಕಿನಲ್ಲಿ ಅಂಗೈಯಗಲ ತೂತು. ಚಿಕ್ಕಮಗಳೂರಿನ ವೆಲ್ಡಿಂಗ್ ಶಾಪಿನಲ್ಲಿ ತಗಡು ಹಾಕಿಸಿದ್ದು ಈಗಲೂ ಹಾಗೇ ಇದೆ.

ಹಾಗಾಗಿ ಹಳೇ ಗಾಡಿ ನೋಡಲು ಹೋದಾಗ ಮೊದಲು ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಊಟ ಮಾಡಿಕೊಂಡು ಬರುತ್ತೇವೆ ಅಂತ ಹೇಳಿ ಹೊರಡಿ. ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ, ಬಿಟ್ಟುಬಿಡಿ. ಕಪ್ಪು ಹೊಗೆ ಏರ್ ಫಿಲ್ಟರ್ ಕಟ್ಟಿಕೊಂಡಿದ್ದಕ್ಕೂ ಬರಬಹುದು, ಅದು ಸಣ್ಣ ಖರ್ಚು. ಹೈಡ್ರೋ ಗಾಡಿಯಾದರೆ ಇದಕ್ಕೆ ಉಲ್ಟಾ. ಅರ್ಧ ಗಂಟೆ ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೆ ಏರು ಹತ್ತಿಸಿ ನೋಡಿ. ಸವೆದ ಹೈಡ್ರೋ ತಣ್ಣಗಿದ್ದಾಗ ಚೆನ್ನಾಗೇ ಎಳೆಯುತ್ತದೆ, ಬಿಸಿಯಾದಾಗ ಉಸಿರು ಬಿಡುತ್ತದೆ.

ಆಮೇಲೆ ಎಂಜಿನ್ ಆಫ್ ಮಾಡಿಸಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಿ. ಮೊಬೈಲ್ ಟಾರ್ಚ್ ಹಿಡಿದು ಡೆಕ್ಕಿನ ಅಡಿ ನೋಡಿ. ಒಣಗಿದ ಹುಲ್ಲು ಗಾರೆಯ ಹಾಗೆ ಅಂಟಿರುತ್ತದೆ, ತುಕ್ಕು ಅದರ ಹಿಂದೆ ಇರುತ್ತದೆ. ಸ್ವಲ್ಪ ಕೆರೆದು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡಿನ ಸದ್ದೇ ಬೇರೆ. ತಗಡಿನ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ, ನಂಬರ್ ಕಡಿಮೆಯಾದಷ್ಟೂ ದಪ್ಪ ಜಾಸ್ತಿ. 12 ಗೇಜ್ ಎರಡೂವರೆ ಮಿಲಿಮೀಟರಿಗೆ ಸ್ವಲ್ಪ ಮೇಲೆ, 10 ಗೇಜ್ ಮೂರು ದಾಟುತ್ತದೆ. ಕೈಗವಸು ಹಾಕಿಕೊಂಡು ಒಂದೊಂದೇ ಬ್ಲೇಡನ್ನು ಅಲ್ಲಾಡಿಸಿ. ಲಟಪಟ ಅಂದರೆ ಸ್ಪಿಂಡಲ್, ಅಂದರೆ ಬ್ಲೇಡ್ ಕೂತು ತಿರುಗುವ ಅಚ್ಚಿನ ಬೇರಿಂಗ್ ಹೋಗಿದೆ. ಸ್ಪಿಂಡಲ್‌ಗೆ ಗ್ರೀಸ್ ನಿಪ್ಪಲ್ ಇರುವ ಗಾಡಿ ಸಿಕ್ಕರೆ ಒಳ್ಳೆಯದು. ನಮ್ಮಂಥವರ ಜಾಗದಲ್ಲಿ ಕಡಿದ ಸಿಲ್ವರ್ ಓಕಿನ ಬೊಡ್ಡೆ ಹುಲ್ಲಿನಲ್ಲಿ ಮುಚ್ಚಿಕೊಂಡಿರುತ್ತದೆ. ಬ್ಲೇಡ್ ಅದಕ್ಕೆ ಬಡಿದರೆ ಪೆಟ್ಟು ತಿನ್ನುವುದು ಸ್ಪಿಂಡಲ್ಲೇ.

ಸೀಟಿನ ಅಡಿಯ ಸ್ವಿಚ್ಚನ್ನೂ ಪರೀಕ್ಷೆ ಮಾಡಿ. ಬ್ಲೇಡ್ ತಿರುಗುತ್ತಿರುವಾಗ ಸೀಟಿನಿಂದ ಸ್ವಲ್ಪ ಮೇಲೆದ್ದರೆ ಎಂಜಿನ್ ಆಫ್ ಆಗಲೇಬೇಕು. ಎಷ್ಟೋ ಹಳೇ ಗಾಡಿಗಳಲ್ಲಿ ‘ತೊಂದರೆ ಕೊಡುತ್ತೆ’ ಅಂತ ಅದರ ವೈರ್ ಜಂಪ್ ಮಾಡಿರುತ್ತಾರೆ. ಅದನ್ನು ಸರಿಮಾಡಿಸದೆ ಮನೆಗೆ ತರಬೇಡಿ. ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ರೌಂಡ್ ಹೊಡೆಸುವ ಆಸೆ ಬೇಡವೇ ಬೇಡ. ಗೆಸ್ಟ್‌ಗಳ ಮಕ್ಕಳು ಬೇಡುತ್ತವೆ. ನಾನು ಖಡಾಖಂಡಿತ ಇಲ್ಲ ಅನ್ನುತ್ತೇನೆ.

ಇಷ್ಟೆಲ್ಲ ನೋಡಿದ ಮೇಲೂ ಗಾಡಿ ಕೈ ಕೊಡುತ್ತದೆ. ಹೋದ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಗೆ ನಾಲ್ಕೂ ರೂಮು ಬುಕ್ ಆಗಿದ್ದಾಗ, ಡೆಕ್ಕಿನ ಬೆಲ್ಟ್ ಹರಿಯಿತು. ಆಲ್ದೂರಿನ ಮೆಕ್ಯಾನಿಕ್ ಬಂದು ನೋಡಿ, ‘ಬೆಲ್ಟ್ ತಂದ್ಕೊಡಿ ಅಕ್ಕ, ಹತ್ತು ನಿಮಿಷದ ಕೆಲಸ’ ಅಂದ. ಆ ಬೆಲ್ಟ್ ಚಿಕ್ಕಮಗಳೂರಿನಲ್ಲಿ ಇಲ್ಲ, ಹಾಸನದಲ್ಲೂ ಇಲ್ಲ. ಅಳತೆಗೆ ಕೂರುತ್ತದೆ ಅಂತ ಹಿಟ್ಟಿನ ಗಿರಣಿಯ ಬೆಲ್ಟ್ ಹಾಕಿದೆವು. ಎರಡು ಸುತ್ತಿಗೆ ಸುಟ್ಟ ವಾಸನೆ. ಗಿರಣಿ ಬೆಲ್ಟ್ ಒಂದೇ ಸಮ ತಿರುಗಲು ಮಾಡಿದ್ದು. ನಮ್ಮ ಗಾಡಿಯಲ್ಲಿ ಬ್ಲೇಡ್ ಹಾಕುವಾಗ, ಬಿಡುವಾಗೆಲ್ಲ ಬೆಲ್ಟನ್ನೇ ಬಿಗಿ ಮಾಡಿ ಸಡಿಲ ಮಾಡುವುದು. ಅದಕ್ಕೆ ಬೇರೆಯದೇ ಗಟ್ಟಿ ದಾರ ಹಾಕಿದ ಬೆಲ್ಟ್ ಬೇಕು. ಅದು ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಕುಯ್ಲಿನಿಂದ ಒಬ್ಬ ಹುಡುಗನನ್ನು ಬಿಡಿಸಿ ವೀಡ್ ಕಟರ್ ಹೊಡೆಸಿದೆ.

ಇವತ್ತು ಯಾರಾದರೂ ಹೊಸ ಗಾಡಿ ಕೊಳ್ಳುತ್ತೇನೆ ಅಂದರೆ, ಶೋರೂಮಿಗೆ ಹೋಗುವ ಮುಂಚೆ ಊರಿನ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಅನ್ನುತ್ತೇನೆ. ತೋಟಗಳ ವೀಡ್ ಕಟರ್, ಸ್ಪ್ರೇಯರ್ ರಿಪೇರಿ ಮಾಡುವವನಿಗೆ ಯಾವ ಎಂಜಿನ್ನಿನ ಸಾಮಾನು ಎಲ್ಲಿ ಸಿಗುತ್ತದೆ ಅಂತ ಗೊತ್ತಿರುತ್ತದೆ. ಅವನು ಕೈ ಹಾಕಲು ಒಪ್ಪುವ ಎಂಜಿನ್ನೇ ನಿಮ್ಮ ಪಾಲಿಗೆ ಒಳ್ಳೆಯ ಎಂಜಿನ್. ಆಮೇಲೆ ಡೀಲರ್ ಹತ್ತಿರ ಬೆಲ್ಟ್ ನಂಬರ್, ಬ್ಲೇಡ್ ನಂಬರ್, ಫಿಲ್ಟರ್ ನಂಬರ್ ಬರೆಸಿಕೊಳ್ಳಿ. ಡೆಕ್ ಬೆಲ್ಟ್ ಎರಡು, ಬ್ಲೇಡ್ ಒಂದು ಜೊತೆ, ಗಾಡಿ ಜೊತೆಗೇ ತನ್ನಿ. ‘ಬೇಕಾದಾಗ ತರಿಸಿಕೊಡ್ತೀವಿ ಮೇಡಂ’ ಅಂದರೆ, ಈಗಲೇ ತರಿಸಿ, ಬಂದ ಮೇಲೆ ಬಾಕಿ ದುಡ್ಡು ಕೊಡುತ್ತೇನೆ ಅನ್ನಿ. ಬ್ಯಾಟರಿಯಲ್ಲಿ ಓಡುವ ಗಾಡಿಗಳೂ ಬಂದಿವೆ. ನಮ್ಮ ಕಡೆ ಅದನ್ನು ಬಿಚ್ಚಬಲ್ಲವರು ಸಿಗುವ ತನಕ ನಾನು ಆ ಕಡೆ ಹೋಗುವುದಿಲ್ಲ.

ಗಾಡಿ ಬಂದ ಮೇಲೆ ಆಯಿಲನ್ನು ಮೊದಲ ಸಲ ಐದರಿಂದ ಎಂಟು ಗಂಟೆ ಓಡಿದಾಗಲೇ ಬದಲಿಸಿ. ಆಮೇಲೆ 50 ಗಂಟೆಗೊಮ್ಮೆ. ಹುಲ್ಲನ್ನು ಒಂದೇ ಸಲಕ್ಕೆ ಬೋಳಿಸಬೇಡಿ, ಎತ್ತರದ ಮೂರರಲ್ಲಿ ಒಂದು ಭಾಗ ತೆಗೆದರೆ ಸಾಕು. ಒದ್ದೆ ಹುಲ್ಲು ಡೆಕ್ಕಿನೊಳಗೆ ಮುದ್ದೆ ಕಟ್ಟುತ್ತದೆ, ಮಂಜು ಆರಿದ ಮೇಲೆ ಇಳಿಯಿರಿ.

ಮೇ ಕೊನೆಗೆ ಮಳೆ ಹಿಡಿಯುವ ಸೂಚನೆ ಕಂಡ ಕೂಡಲೇ ನಾನು ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್, ಎಥನಾಲ್ ತೇವ ಎಳೆದುಕೊಳ್ಳುತ್ತದೆ. ಮೂರು ತಿಂಗಳು ಹಾಗೇ ಬಿಟ್ಟರೆ ಕಾರ್ಬ್ಯುರೇಟರ್ ಅಂಟು ಹಿಡಿಯುತ್ತದೆ. ಟ್ಯಾಂಕ್ ಖಾಲಿಯಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗೇ ನಿಲ್ಲುವ ತನಕ ಓಡಿಸುತ್ತೇನೆ. ಡೆಕ್ಕಿನ ಅಡಿ ಕೆರೆದು, ತೊಳೆದು, ಒಣಗಿಸಿ, ಹಳೇ ಆಯಿಲ್ ಸವರುತ್ತೇನೆ. ಬಾನೆಟ್ಟನ್ನು ತೆರೆದೇ ಇಡುತ್ತೇನೆ, ಕತ್ತಲೆ ಸಿಕ್ಕರೆ ಇಲಿ ಗೂಡು ಕಟ್ಟಿ ವೈರ್ ಕಡಿಯುತ್ತದೆ. ಬ್ಯಾಟರಿ ಬಿಚ್ಚಿ ಉಗ್ರಾಣದಲ್ಲಿ ಮೆಣಸಿನ ಚೀಲಗಳಿಂದ ದೂರ ಒಂದು ಮಣೆ ಮೇಲೆ ಇಟ್ಟು, ತಿಂಗಳಿಗೊಮ್ಮೆ ಚಾರ್ಜ್ ಹಾಕುತ್ತೇನೆ. ಅದಕ್ಕೂ ಕರೆಂಟ್ ಇರುವ ದಿನ ನೋಡಿಕೊಳ್ಳಬೇಕು.